ಕರುವಿಗೆ ಹೇಳಿದ ಮಾತು

ಪಕ್ಕದ ಮನೆಯ ಬೈಲಪ್ಪನನ್ನು ಮದುವೆಯಾಗಿ ಕದಿರಮ್ಮ ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರು ಮಧುರೆಗೆ ಬಂದಾಗ ಅವರೆಕಾಯಿ ಕಾಲ. ಅರವತ್ತೈದನೆಯ ಇಸವಿ ಇರಬೇಕು. ಹೊಲದ ಮೇಲೆ ಮಂಜು, ಮಂಜಿನೊಳಗೆಲ್ಲ ಅವರೆಯ ಸೊಗಡು. ಹಿಂದೂಪುರದ ಕಡೆಯ ಆ ತೆಲುಗು ಹುಡುಗಿ ನಿದ್ದೆಯಲ್ಲಿ ನಡೆದು ಬಂದವಳ ಹಾಗೆ ಗಾಡಿಯಿಂದ ಇಳಿದಳು. ನಮ್ಮ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ನಾನೇ ಕಲಿಸಿದೆ. ಬೈಗುಳ ಮೊದಲು, ಉಳಿದದ್ದು ಆಮೇಲೆ.

ಎರಡು ಮಳೆಗಾಲ ಕಳೆಯುವುದರಲ್ಲಿ ಚೆನ್ನಾಗಿಯೇ ಮಾತಾಡತೊಡಗಿದಳು. ರಾಗ ಮಾತ್ರ ಅವಳದೇ. ಮಗಳು ಪಾಪಕ್ಕ ಹುಟ್ಟಿದ ಮೇಲೆ ಮಗುವಿನ ಹತ್ತಿರ ಬರೀ ತೆಲುಗು. ತೊಟ್ಟಿಲ ಪಕ್ಕದಿಂದ ಆ ದನಿ ಮೆಲ್ಲಗೆ ತೇಲಿ ಬರುತ್ತಿದ್ದರೆ ಗೋಡೆಯ ಈಚೆ ನನಗೂ ಕಣ್ಣು ಎಳೆಯುತ್ತಿತ್ತು.

ಮಗುವಿಗೆ ಎರಡೂವರೆ ವರ್ಷವಾದರೂ ಬಾಯಲ್ಲಿ ಮಾತಿಲ್ಲ. ಅತ್ತೆ ಮುನಿತಾಯಮ್ಮ ನಾಲಿಗೆಗೆ ಬಜೆ ತೇಯ್ದು ಹಚ್ಚಿದಳು. ಗಿಣಿ ಕಚ್ಚಿದ ಹಣ್ಣು ತಿನ್ನಿಸಿದರೆ ಮಾತು ಬರುತ್ತದೆಂದು ತೋಟವೆಲ್ಲ ಅಲೆದು ಸೀಬೆಹಣ್ಣು ಹುಡುಕಿ ತಂದಳು. ಊಹೂಂ. ಕೊನೆಗೆ ಸೊಸೆಯ ಮೇಲೆ ತಿರುಗಿದಳು.

“ಒಂದು ಕೂಸಿನ ಬಾಯಿಗೆ ಎಲ್ಡು ಭಾಷೆ ತುರುಕಿದ್ರೆ ಅದೇನ್ ಮಾಡೀತು? ಇನ್ಮೇಲೆ ಅದರ ಹತ್ರ ನಿನ್ ತೆಲುಗು ಎತ್ತಬ್ಯಾಡ. ಉಗಾದಿ ಒಳಗೆ ಮಾತು ಬರ್ಲಿಲ್ಲಾಂದ್ರೆ ನೀನು ತವರಿಗೆ ಹೋಗಿರು, ಕೂಸನ್ನ ನಾನು ಸಾಕ್ತೀನಿ.”

ಬೈಲಪ್ಪ ತಾಯಿಯ ಮುಂದೆ ತುಟಿ ಬಿಚ್ಚುವವನಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲ, ನಾವೇನು ಒಂದೇ ಮಾತು ಆಡುವವರೇ? ಅಮಲ್ದಾರರ ಮುಂದೆ ಒಂದು ಬಗೆ, ಹೊಲದ ಬದುವಿನಲ್ಲಿ ಇನ್ನೊಂದು ಬಗೆ. ದೊಡ್ಡಬಳ್ಳಾಪುರದ ಸಂತೆಗೆ ಹೋದರೆ ಉರ್ದು, ತೆಲುಗು ಎಲ್ಲ ಕಲಸಿ ಚೌಕಾಸಿ. ಮಗುವಿಗೆ ಮಾತ್ರ ಭಾರವಾಯಿತಂತೆ!

ಕದಿರಮ್ಮ ಕನ್ನಡದಲ್ಲಿ ಮಗುವನ್ನು ಮುದ್ದಾಡಲು ನೋಡಿದಳು. ಆಗಲಿಲ್ಲ. “ಅಕ್ಕಾ, ಬಾವಿ ಹತ್ರ ಎಲ್ಲಾ ಬತ್ತದೆ. ಮಡಿಲಲ್ಲಿ ಕೂಸು ಇದ್ರೆ ಒಂದೂ ಬರಲ್ಲ” ಎಂದು ನನ್ನ ಮುಂದೆ ಅತ್ತಳು. ಆಮೇಲೆ ಮಗುವಿನ ಮುಂದೆ ಮಾತೇ ಬಿಟ್ಟಳು. ತಾಯಿ ಮಗಳಿಬ್ಬರೂ ಜಗುಲಿಯ ಮೇಲೆ ಮಂಜು ನೋಡುತ್ತ ಸುಮ್ಮನೆ ಕೂತಿರುತ್ತಿದ್ದರು.

ಅಷ್ಟರಲ್ಲಿ ಅವರ ಹಸು ಕರು ಹಾಕಿತು. ಕರುವಿಗೆ ಯಾವ ಕಟ್ಟಳೆ? ಬೆಳಗಿನ ಹೊತ್ತು ಕದಿರಮ್ಮ ಅದರ ಕೊರಳು ತಬ್ಬಿಕೊಂಡು, ಮಗುವಿಗೆ ಹೇಳಲಾರದ್ದನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು. “ರಾ ತಲ್ಲೀ, ಪಾಲು ತಾಗು.” ಬಾ ತಾಯಿ, ಹಾಲು ಕುಡಿ ಅಂತ. ಪಾಪಕ್ಕ ಹುಲ್ಲಿನ ಮೇಲೆ ಕೂತು ಬಿಟ್ಟ ಕಣ್ಣು ಬಿಟ್ಟಂತೆ ಕೇಳುತ್ತಿತ್ತು.

ಯುಗಾದಿ ಹತ್ತಿರ ಬಂತು. ಕದಿರಮ್ಮನ ಟ್ರಂಕು ಬಾಗಿಲ ಬಳಿಗೆ ಬಂದಿತ್ತು. ಅವತ್ತು ನಾನು ಹಾಲಿಗೆಂದು ಹೋಗಿದ್ದೆ. ಕೊಟ್ಟಿಗೆಯಿಂದ ಸಣ್ಣ ದನಿ ಕೇಳಿಸಿತು: “ರಾ ತಲ್ಲೀ, ಪಾಲು ತಾಗು.”

ರಾಗ ಕದಿರಮ್ಮನದೇ, ಆದರೆ ಅವಳು ನನ್ನ ಪಕ್ಕದಲ್ಲೇ ಚೊಂಬು ಹಿಡಿದು ನಿಂತಿದ್ದಳು. ಒಳಗಿದ್ದ ಮುನಿತಾಯಮ್ಮನೂ ಸೇರಿ ಎಲ್ಲರೂ ಓಡಿದೆವು. ಕರುವಿನ ಕಿವಿ ಹಿಡಿದುಕೊಂಡು ಪಾಪಕ್ಕ ನಿಂತಿತ್ತು. ಅಜ್ಜಿಯನ್ನು ಕಂಡದ್ದೇ ತಡ, ನಮ್ಮೂರ ಮಾತಿನಲ್ಲೇ, “ಅಜ್ಜೀ, ಕರ ಹಾಲು ಕುಡೀತಾ ಐತೆ” ಎಂದಿತು. ಯಾರ ಹತ್ತಿರ ಯಾವ ಭಾಷೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ತಾಯಿಯ ಕಡೆ ತಿರುಗಿ ನೋಡುತ್ತ ನಿಂತಿತು.

ಕದಿರಮ್ಮ ಬಾಯಿ ತೆರೆದಳು. ಅತ್ತೆಯ ಮುಖ ನೋಡಿ ಮುಚ್ಚಿಕೊಂಡಳು.

ಮುನಿತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮಾತಾಡೇ ನಮ್ಮವ್ವ. ನಿನ್ ಮಾತಲ್ಲೇ ಕರಿಯೇ ಅದನ್ನ. ಕಾಯ್ತಾ ಐತೆ.”