ಬೀಗಿತ್ತಿಯ ನಾಟಕದಲ್ಲಿ ನನ್ನ ನಡಿಗೆ

ಪುಟ್ಟಿ, ಚಿನ್ನು, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಪುಟ್ಟಿಗೆ ಕನ್ನಡ ಅಕ್ಷರ ಬರುತ್ತದೆ. ಅವಳು ನಿಧಾನವಾಗಿ ಓದಿಕೊಂಡು ಚಿನ್ನುವಿಗೂ ಓದಿ ಹೇಳಲಿ. ಲಾಸ್ ಏಂಜಲೀಸ್‌ನ ನಾಟಕದಲ್ಲಿ ನಿಮ್ಮ ಗ್ರ್ಯಾಂಡ್‌ಮಾ, ಅಂದರೆ ನಿಮ್ಮಪ್ಪನ ತಾಯಿ, ಮಾತಾಡುವ ಮೊದಲು ಗಂಡನ ಖಾಲಿ ಕುರ್ಚಿಯನ್ನು ಸುತ್ತಿಕೊಂಡು ಅದರ ಎಡಗಡೆಗೆ ಬಂದು ನಿಲ್ಲುತ್ತಾರಲ್ಲ, ಆ ನಡಿಗೆ ಅವರದಲ್ಲ. ಅದು ನನ್ನದು. ನಿಮ್ಮ ತಾತನ ಬಲಗಿವಿ ಕೇಳದೆ ಇದ್ದದ್ದರಿಂದ ನನಗೆ ಬಂದದ್ದು. ನೀವಿಬ್ಬರೂ ಅದನ್ನು ‘ಗ್ರ್ಯಾಂಡ್‌ಮಾ ವಾಕ್’ ಎನ್ನುತ್ತೀರಿ. ಹಾಗೆಯೇ ತಿಳಿದುಕೊಂಡು ನೀವು ದೊಡ್ಡವರಾಗಿಬಿಡುತ್ತೀರಿ ಎಂಬ ಭಯಕ್ಕೆ ಬರೆಯಲು ಕೂತೆ.

ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು ಎಂದು ನಿಮ್ಮಮ್ಮ ಹೇಳುತ್ತಾಳೆ. ಅದು ಸುಳ್ಳಲ್ಲ.

ಮೊದಲು ತಾತನ ಕಿವಿಯ ವಿಷಯ ಹೇಳುತ್ತೇನೆ. ನಮ್ಮೂರಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇತ್ತು. ಅವರು ನಿಲ್ಲುವ ಜಾಗದ ಬಲಕ್ಕೇ ಮೋಟಾರು. ಚಿಕ್ಕಂದಿನಿಂದ ಅಲ್ಲೇ ನಿಂತು ನಿಂತು, ನಾನು ಮದುವೆಯಾಗಿ ಬರುವ ಹೊತ್ತಿಗೆ ಅವರ ಬಲಗಿವಿ ಹೋಗಿಯೇ ಬಿಟ್ಟಿತ್ತು. ಬಲಗಡೆಯಿಂದ ಏನು ಹೇಳಿದರೂ ಅವರು ಹಿಟ್ಟು ನೋಡಿಕೊಂಡು ಸುಮ್ಮನೆ ನಗುತ್ತಿದ್ದರು. ಅದಕ್ಕೇ ನಾನು ಬಾಗಿಲಿಂದ ಒಳಗೆ ಹೋದವಳು ಅವರ ಬೆನ್ನ ಹಿಂದೆ ಸುತ್ತಿ ಎಡಕ್ಕೆ ಬಂದು ಮಾತಾಡುತ್ತಿದ್ದೆ. ರಾಗಿ ಬೀಸಿಸಲು ಕೂತ ಹೆಂಗಸರಿಗೆ ಇದೊಂದು ತಮಾಷೆ.

“ನೋಡ್ರೇ, ಇವಳು ಊಟಕ್ಕೆ ಕರೆಯೋಕೂ ಗಂಡನಿಗೆ ಪ್ರದಕ್ಷಿಣೆ ಹಾಕ್ತಾಳೆ.”

“ನಮ್ಮನೆ ಅವರಿಗೆ ಎರಡೂ ಕಿವಿ ಚೆನ್ನಾಗವೆ ಕಣೇ, ಆದ್ರೂ ಕೇಳ್ಸಲ್ಲ.”

ನಾನು ನಾಚಿಕೆಯಿಂದ ಸೆರಗು ಕಚ್ಚಿಕೊಂಡು ಓಡಿ ಬರುತ್ತಿದ್ದೆ. ಆಮೇಲಾಮೇಲೆ ಅದು ಅಭ್ಯಾಸವೇ ಆಯಿತು. ತಾತನ ಹತ್ತಿರ ಮಾತ್ರವಲ್ಲ, ಯಾರ ಹತ್ತಿರ ಮಾತಾಡಬೇಕಾದರೂ ಮೊದಲು ಅವರ ಎಡಕ್ಕೆ ಹೋಗುವುದು. ತಾತ ಹೋದ ಮೇಲೆ ನಿಮ್ಮಮ್ಮ ನನ್ನನ್ನು ಅಮೆರಿಕಕ್ಕೆ, ಸ್ಯಾನ್ ಡಿಯೇಗೋದ ಈ ರಾಂಚೊ ಬರ್ನಾರ್ಡೊಗೆ ಕರೆದುಕೊಂಡು ಬಂದಳು. ನಾನು ಅವರ ಬಟ್ಟೆ ತರಲಿಲ್ಲ, ವಾಚು ತರಲಿಲ್ಲ. ಆ ನಡಿಗೆ ಮಾತ್ರ ನಾನು ತರುತ್ತಿದ್ದೇನೆ ಎಂದು ಗೊತ್ತಿಲ್ಲದೆಯೇ ಜೊತೆಗೆ ಬಂದಿತ್ತು.

ಮೊದಲ ಕೆಲವು ತಿಂಗಳು ನೀವಿಬ್ಬರೂ ನನ್ನ ಸೆರಗು ಬಿಡುತ್ತಿರಲಿಲ್ಲ. ಚಿನ್ನು ನನ್ನ ಪಕ್ಕದಲ್ಲಿ ಮಲಗದೆ ನಿದ್ದೆ ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಕೊರೋನಾ ಬಂತು. ನಾಟಕದ ಮನೆಗಳು ಮುಚ್ಚಿದವು, ಶೂಟಿಂಗ್‌ಗಳು ನಿಂತವು. ಲಾಸ್ ಏಂಜಲೀಸ್‌ನ ಫ್ಲಾಟಿನಲ್ಲಿ ತಾಯಿ ಒಬ್ಬರೇ ಇದ್ದಾರೆ ಎಂದು ನಿಮ್ಮಪ್ಪ ಹೋಗಿ ಅವರನ್ನು ಕರೆತಂದರು. ಹಾಗೆ ನನ್ನ ಬೀಗಿತ್ತಿ ನಮ್ಮ ಮನೆಗೆ ಬಂದರು. ಅವರು ಈ ದೇಶದವರೇ, ಕನ್ನಡ ಒಂದಕ್ಷರವೂ ಬಾರದು.

ಅಲ್ಲಿಯವರೆಗೆ ಅವರು ಯಾವತ್ತೂ ನಾಯಕಿಯಾಗಿ ನಟಿಸಿದವರಲ್ಲ. ಚಿಕ್ಕ ವಯಸ್ಸಿನಲ್ಲಿ ಇಲ್ಲೇ ಸ್ಯಾನ್ ಡಿಯೇಗೋದಲ್ಲಿ ನಾಟಕಕ್ಕೆ ಸೇರಿ, ಆಮೇಲೆ ಲಾಸ್ ಏಂಜಲೀಸ್‌ಗೆ ಹೋಗಿ, ಮಗನನ್ನು ಒಬ್ಬರೇ ಸಾಕುತ್ತಾ ಸಿನಿಮಾ, ಟೀವಿ, ನಾಟಕ ಎಲ್ಲದರಲ್ಲೂ ಸಣ್ಣ ಪುಟ್ಟ ಪೋಷಕ ಪಾತ್ರ ಮಾಡಿಕೊಂಡು ಬಂದವರು. ನರ್ಸು, ಜಡ್ಜು, ಬಾಡಿಗೆ ಮನೆಯ ಒಡತಿ, ಹೆಡ್‌ಮಿಸ್ಟ್ರೆಸ್ಸು, ಪೊಲೀಸರು ಬಂದಾಗ ಬಾಗಿಲು ತೆಗೆದು ‘ಆ ಹುಡುಗ ಒಳ್ಳೆಯವನೇ ಇದ್ದ’ ಎನ್ನುವ ಪಕ್ಕದ ಮನೆಯಾಕೆ. ಎಷ್ಟೋ ಕಡೆ ಅವರ ಪಾತ್ರಕ್ಕೆ ಹೆಸರೇ ಇಲ್ಲ. ನನ್ನ ಬಾಳೂ ಅಂಥದೇ ಅಲ್ಲವೇ? ಸೊಸೆ, ಅತ್ತಿಗೆ, ಗಿರಣಿಯವರ ಹೆಂಡತಿ. ನನ್ನನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ಆದರೆ ಅವರು ತಮ್ಮ ಪಾತ್ರ ಮುಗಿಸಿ ಒಳಗೆ ಹೋದಾಗ ಜನ ಚಪ್ಪಾಳೆ ತಟ್ಟಿದ್ದಾರೆ. ಅಡುಗೆ ಮುಗಿಸಿ ಹೊರಗೆ ಬಂದ ನನಗೆ ಯಾರು ತಟ್ಟಿದರು?

ಅಂಗಡಿಗೆ ಹೋದರೆ ಮುಖಕ್ಕೆ ಮಾಸ್ಕ್ ಹಾಕಿದ್ದರೂ ಅವರ ದನಿ ಕೇಳಿ ಜನ ನಿಲ್ಲುತ್ತಿದ್ದರು. ಒಂದು ಸಲ ತರಕಾರಿ ಆರಿಸುತ್ತಿದ್ದ ಒಬ್ಬಾತ, “ನಿಮ್ಮ ದನಿ ಎಲ್ಲೋ ಕೇಳಿದೀನಿ. ನಮ್ಮ ಡೆಂಟಿಸ್ಟ್ ಆಫೀಸಲ್ಲಿ ಇದ್ರಾ?” ಎಂದ.

“ಇಲ್ಲಪ್ಪ,” ಎಂದರು ಬೀಗಿತ್ತಿ. “ನಿಮ್ಮನ್ನ ಜೈಲಿಗೆ ಕಳಿಸಿದ ಜಡ್ಜ್ ನಾನೇ ಇರಬೇಕು.”

ಆತ ನಕ್ಕು ನಕ್ಕು ಗಾಡಿ ಹಿಡಿದುಕೊಂಡ. ನೀವಿಬ್ಬರೂ ಅವರ ಅಕ್ಕಪಕ್ಕ ಅಂಟಿಕೊಂಡು ಹೆಮ್ಮೆಯಿಂದ ನಿಂತಿದ್ದಿರಿ. ನಾನು ಹಿಂದೆ ಈರುಳ್ಳಿ ಚೀಲ ಹಿಡಿದುಕೊಂಡಿದ್ದೆ. ಮನೆಯಲ್ಲೂ ಅಷ್ಟೇ. ಊಟದ ಮೇಜಿನಲ್ಲಿ ಅವರು ಆ ಪಾತ್ರಗಳ ದನಿಗಳನ್ನೆಲ್ಲ ಮಾಡಿ ತೋರಿಸುವರು. ಚಿನ್ನು ಬಾಯಲ್ಲಿದ್ದ ಅನ್ನ ನುಂಗುವುದನ್ನೇ ಮರೆಯುವನು. ಒಂದು ವಾರದಲ್ಲಿ ಅವನ ದಿಂಬು ನನ್ನ ಹಾಸಿಗೆಯಿಂದ ಅವರ ಹಾಸಿಗೆಗೆ ಹೋಯಿತು.

ಆದರೆ ನಾನು ಅವರೆದುರು ಬಾಯಿ ಬಿಡುವಂತಿರಲಿಲ್ಲ. ಅವರು ಗಂಡಿನ ತಾಯಿ, ನಾನು ಹೆಣ್ಣಿನ ತಾಯಿ. ನಮ್ಮ ಕಡೆ ಗಂಡಿನವರಿಗೆ ಮೊದಲು ಬಡಿಸಬೇಕು, ಅವರು ಕೂರದೆ ನಾವು ಕೂರಬಾರದು, ಅವರು ಬಾಯಿ ಬಿಟ್ಟು ಏನಾದರೂ ಕೇಳಿದರೆ ಇಲ್ಲವೆನ್ನಬಾರದು. ಅವರು ರೂಮಿಗೆ ಬಂದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಒಂದು ದಿನ ಅವರು ನಿಮ್ಮಮ್ಮನನ್ನು ಕರೆದು, “ನಿನ್ನ ತಾಯಿಗೆ ನಾನಂದ್ರೆ ಆಗಲ್ವಾ? ನಾನು ಬಂದ ತಕ್ಷಣ ಎದ್ದು ಬಿಡ್ತಾರೆ,” ಎಂದು ಕೇಳಿದರಂತೆ. ನಿಮ್ಮಮ್ಮ ಬಿದ್ದು ಬಿದ್ದು ನಕ್ಕಳು.

“ಅಮ್ಮ, ಸಾಕು ಮಾಡು ಬೀಗರ ಉಪಚಾರ. ಅವ್ರಿಗೆ ಅದೆಲ್ಲ ಗೊತ್ತಿಲ್ಲ.”

“ಅವರಿಗೆ ಗೊತ್ತಿಲ್ದಿದ್ರೆ ಏನಾಯ್ತು, ನನಗೆ ಗೊತ್ತಲ್ಲ,” ಎಂದೆ.

ಆಗ ಅವರು ಪಾತ್ರ ಕೇಳಬೇಕಾದರೂ ಎಲ್ಲೂ ಹೋಗುವಂತಿರಲಿಲ್ಲ. ಮನೆಯಲ್ಲೇ ಫೋನನ್ನು ಸ್ಟ್ಯಾಂಡಿಗೆ ಹಾಕಿ, ಮಾತು ಹೇಳಿ, ಪಾತ್ರ ಕೊಡುವವರಿಗೆ ವಿಡಿಯೋ ಕಳಿಸಬೇಕು. ಎದುರು ಪಾತ್ರದ ಮಾತನ್ನು ಫೋನಿನ ಪಕ್ಕ ನಿಂತು ಇನ್ನೊಬ್ಬರು ಓದಬೇಕು. ನನ್ನ ರೂಮಿನ ಗೋಡೆ ಬೋಳಾಗಿತ್ತೆಂದು ಅಲ್ಲೇ ಇದೆಲ್ಲ ನಡೆಯಿತು. ನಿಮ್ಮಪ್ಪ ಓದುತ್ತಿದ್ದರು. ಒಂದು ದಿನ ಅವರಿಗೆ ಆಫೀಸಿನ ಮೀಟಿಂಗ್ ಇತ್ತು, ನಿಮ್ಮಮ್ಮನಿಗೂ ಇತ್ತು. ಬೀಗಿತ್ತಿ ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತವಳು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಬೇಡವೆನ್ನಲು ಬಾಯಿ ಬರಲಿಲ್ಲ.

ನನ್ನನ್ನು ಫೋನಿನ ಪಕ್ಕ ನಿಲ್ಲಿಸಿದರು. ನನ್ನ ಸರದಿ ಬಂದಾಗ ನಾನು ಅಲ್ಲಿಂದ ಹೊರಟು ಅವರ ಬೆನ್ನ ಹಿಂದೆ ಸುತ್ತಿ ಎಡಕ್ಕೆ ಹೋಗಿ ಓದಿದೆ. ವಿಡಿಯೋದಲ್ಲಿ ನನ್ನ ಸೀರೆ ಬಂತು. ಮತ್ತೆ ನಿಲ್ಲಿಸಿದರು, ಮತ್ತೆ ಹಾಗೇ ಆಯಿತು. ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. ಅವರು ಅವಳ ಕೈಲಿ ಕೇಳಿಸಿದರು, “ಅಜ್ಜಿ ಯಾಕೆ ಯಾವಾಗಲೂ ನನ್ನ ಸುತ್ತಿ ಬಂದು ಮಾತಾಡ್ತಾರೆ?”

ಆಗಲೇ ನನಗೂ ನಾನು ಈಗಲೂ ಹಾಗೆ ಮಾಡುತ್ತೇನೆಂದು ಗೊತ್ತಾದದ್ದು. ಪುಟ್ಟಿಯ ಮೂಲಕ ಗಿರಣಿಯ ಕಥೆ ಹೇಳಿದೆ. ನಿಮ್ಮಮ್ಮನಿಗೂ ಹೇಳಿರದ ಕಥೆ. ಬೀಗಿತ್ತಿ ನಗಲಿಲ್ಲ. ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಪುಟ್ಟಿ, ನೀನಾಗ ತೀರಾ ಚಿಕ್ಕವಳು. ನಿನಗದು ಮರೆತೇ ಹೋಗಿದೆ.

ಮುಂದೆ ನಾಟಕಗಳು ಮತ್ತೆ ಶುರುವಾದಾಗ ಅವರಿಗೆ ಲಾಸ್ ಏಂಜಲೀಸ್‌ನ ಒಂದು ಸಣ್ಣ ರಂಗಮಂದಿರದಲ್ಲಿ ದೊಡ್ಡ ಪಾತ್ರ ಸಿಕ್ಕಿತು. ಜನ್ಮದಲ್ಲಿ ಮೊದಲ ಸಲ ಮುಖ್ಯ ಪಾತ್ರ. ಗಂಡ ಸತ್ತ ಮೇಲೂ ಅವನ ಕುರ್ಚಿಯ ಜೊತೆ ಮಾತಾಡುವ ಒಬ್ಬ ಹೆಂಗಸು. ಹೊರಡುವ ಮೊದಲು ಊಟಕ್ಕೆ ಕೂತಾಗ ಅವರು ನಿಮ್ಮಮ್ಮನ ಮೂಲಕ ನನ್ನನ್ನು ಕೇಳಿದರು.

“ಅಮ್ಮ, ನೀನು ಸುತ್ತಿಕೊಂಡು ಬಂದು ಮಾತಾಡ್ತೀಯಲ್ಲ, ಅದನ್ನ ನಾಟಕದಲ್ಲಿ ಬಳಸ್ಕೊಳ್ಳಲಾ ಅಂತ ಕೇಳ್ತಿದಾರೆ. ನಿನಗೆ ಇಷ್ಟ ಇಲ್ಲ ಅಂದ್ರೆ ಬೇಡ ಅಂತೆ.”

ನಾನು ಅವರ ತಟ್ಟೆಗೆ ಪಲ್ಯ ಬಡಿಸುತ್ತಿದ್ದೆ. ಗಂಡಿನ ತಾಯಿ ಕೇಳಿದ್ದಾರೆ. “ಅಯ್ಯೋ, ತಗೊಳ್ಳಿ ಅನ್ನು, ಅದರಲ್ಲೇನಿದೆ,” ಎಂದೆ. ಪಲ್ಯ ಕೊಟ್ಟಷ್ಟೇ ಸಲೀಸಾಗಿ ಕೊಟ್ಟುಬಿಟ್ಟೆ. ಅವರದೇನೂ ತಪ್ಪಿಲ್ಲ. ತಪ್ಪಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾಟಕ ನೋಡಲು ಎಲ್ಲರೂ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ವಾಲ್‌ನಟ್ ಎಂಬ ಊರಿನಲ್ಲಿ ನಿಮ್ಮಮ್ಮನ ಗೆಳತಿಯ ಮನೆಯಲ್ಲಿ ಊಟ. ಆ ಗೆಳತಿಯ ಅತ್ತೆ ಮಂಗಳೂರಿನ ಕಡೆಯವರು, ಮಾತು ಜೋರು.

“ನಿಮ್ಮ ಬೀಗಿತ್ತಿ ದೊಡ್ಡ ಆಕ್ಟ್ರೆಸ್ ಅಂತೆ ಮಾರಾಯ್ತಿ, ಹೌದಾ?”

“ಹೂಂ,” ಎಂದೆ.

“ನಿಮ್ಮ ಪುಣ್ಯ. ಅವರು ಸ್ಟೇಜಿನ ಮೇಲೆ ನಾಟಕ ಆಡಿ ಬಿಡ್ತಾರೆ. ನಮ್ಮ ಬೀಗಿತ್ತಿಯದ್ದು ಎಲ್ಲಾ ಮನೆಯ ಒಳಗೇ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಇವತ್ತು ಅವರು ಒಂದು ಮಾತಾದರೂ ಮರೆಯಲಿ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ.

ಮರೆಯಲಿಲ್ಲ. ಮೊದಲ ಸಲ ಅವರು ಆ ಕುರ್ಚಿಯನ್ನು ಸುತ್ತಿ ಎಡಕ್ಕೆ ಬಂದು ಬಾಗಿದಾಗ ಕೂತಿದ್ದ ಜನರೂ ಮುಂದಕ್ಕೆ ಬಾಗಿದರು. ನನಗೆ ಆ ಖಾಲಿ ಕುರ್ಚಿಯಲ್ಲಿ ತಾತನ ಬೆನ್ನು ಕಂಡಿತು, ಅಂಗಿಯ ಮೇಲಿನ ಹಿಟ್ಟು ಕಂಡಿತು. ಅಷ್ಟು ಚೆನ್ನಾಗಿ ಮಾಡಿದರು. ನಾನು ಅಳಲಿಲ್ಲ. ನನ್ನ ಪಕ್ಕದಲ್ಲಿ ಯಾರೋ ಗುರುತಿಲ್ಲದ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನ್ನ ಗಂಡನಿಗೆ ಇವಳು ಯಾಕೆ ಅಳಬೇಕು ಎಂದು ಸಿಟ್ಟು ಬಂತು.

ಮುಗಿದ ಮೇಲೆ ಹೊರಗೆ ಜನ ಅವರನ್ನು ಮುತ್ತಿಕೊಂಡರು. ನೀವಿಬ್ಬರೂ ಹೂಗುಚ್ಛ ಹಿಡಿದು ಓಡಿದಿರಿ. ನಿಮ್ಮ ಸ್ವೆಟರುಗಳು ನನ್ನ ಕೈಯಲ್ಲಿದ್ದವು. ಒಬ್ಬಾಕೆ ಕೇಳಿದಳು, ಕುರ್ಚಿ ಸುತ್ತಿ ಬರುವುದು ನಿಮಗೆ ಹೇಗೆ ಹೊಳೆಯಿತು ಎಂದು. ಬೀಗಿತ್ತಿ ಜನರ ನಡುವಿನಿಂದ ಕೈ ಚಾಚಿ ನನ್ನನ್ನು ಎಳೆದುಕೊಂಡರು. “ಇದು ಇವರು ಕೊಟ್ಟದ್ದು,” ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. ಅವರು ನನ್ನ ಸೀರೆ ನೋಡಿ, ಮುಗುಳ್ನಕ್ಕು, ಮತ್ತೆ ಬೀಗಿತ್ತಿಯ ಕಡೆಗೇ ತಿರುಗಿಕೊಂಡರು. ನೀವಿಬ್ಬರೂ ಆ ಮಾತು ಕೇಳಿಸಿಕೊಳ್ಳಲಿಲ್ಲ. ಚಿನ್ನು ಹೂವಿನ ಕಾಗದ ಬಿಚ್ಚುತ್ತಿದ್ದ.

ಆ ನಾಟಕದಿಂದ ಅವರಿಗೆ ಹೆಸರು ಬಂತು. ಮತ್ತೆ ಸಿನಿಮಾ, ಟೀವಿಯ ಪಾತ್ರಗಳು ಬಂದವು. ಅವರು ತಮ್ಮ ಫ್ಲಾಟಿಗೆ ಹಿಂದಿರುಗಿದರು. ಚಿನ್ನುವಿನ ದಿಂಬು ನನ್ನ ಹಾಸಿಗೆಗೆ ವಾಪಸ್ ಬರುತ್ತದೆ ಎಂದುಕೊಂಡೆ. ಅವನು ದೊಡ್ಡವನಾಗಿದ್ದ, ತನ್ನ ರೂಮಿಗೆ ಹೋದ.

ಕಳೆದ ವರ್ಷ ಒಂದು ಬೆಳಿಗ್ಗೆ ಅವನು ಮೇಜಿನ ಮುಂದೆ ಕೂತು ಏನೋ ಚಿತ್ರ ಬರೆಯುತ್ತಿದ್ದ. ಹಾಲು ಕುಡಿ ಎನ್ನಲು ನಾನು ಅವನ ಹಿಂದೆ ಸುತ್ತಿ ಎಡಕ್ಕೆ ಹೋದೆ. ಅವನು ತಲೆ ಎತ್ತಿ ನಕ್ಕ. “ಅಜ್ಜಿ, ನೀನೂ ಗ್ರ್ಯಾಂಡ್‌ಮಾ ವಾಕ್ ಮಾಡ್ತಿದೀಯಾ? ಅವರಷ್ಟು ಚೆನ್ನಾಗಿ ಬರಲ್ಲ ನಿಂಗೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ. ಪುಟ್ಟಿಯೂ ನಕ್ಕಳು. ಎದ್ದು ಕುರ್ಚಿ ಸುತ್ತಿ ಅವರ ಹಾಗೆಯೇ ಮಾಡಿ ತೋರಿಸಿದಳು.

ಹಾಲಿನ ಲೋಟ ಮೇಜಿನ ಮೇಲಿಟ್ಟು ಒಳಗೆ ಹೋದೆ. ಆವತ್ತಿನಿಂದ ಯಾರ ಹತ್ತಿರ ಹೋದರೂ ನನ್ನ ಕಾಲ ಮೇಲೆ ನನಗೇ ಗಮನ. ಒಮ್ಮೆ ಬೇಕೆಂದೇ ಬಲಗಡೆಯಿಂದ ನಿಮ್ಮಮ್ಮನನ್ನು ಮಾತಾಡಿಸಿದೆ. ಅವಳಿಗೆ ಏನೂ ಅನಿಸಲಿಲ್ಲ. ನನಗೆ ಮಾತ್ರ ತಾತನನ್ನು ಎಲ್ಲೋ ದಾರಿಯಲ್ಲಿ ಬಿಟ್ಟು ಬಂದ ಹಾಗಾಯಿತು.

ಹಬ್ಬಕ್ಕೆ ಬೀಗಿತ್ತಿ ಬಂದಾಗ, ಆ ನಡಿಗೆ ಯಾರದೆಂದು ಮಕ್ಕಳಿಗೆ ನೀವೇ ಹೇಳಿ ಎಂದು ಕೇಳಲು ನಿರ್ಧರಿಸಿದೆ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡು, ಹತ್ತು ಸಲ ಹೇಳಿಕೊಂಡು, ಊಟಕ್ಕೆ ಕೂತಿದ್ದ ಅವರ ಬಳಿಗೆ ಹೋದೆ. ಎಷ್ಟು ತಡೆದರೂ ಕಾಲು ಸುತ್ತಿ ಎಡಕ್ಕೇ ಹೋಯಿತು. ಅವರು ತಿನ್ನುವುದನ್ನು ಬಿಟ್ಟು ನನ್ನ ಪಾದದಿಂದ ತಲೆಯವರೆಗೆ ನೋಡಿದರು, ಇನ್ನೇನಾದರೂ ಕಲಿಯಲು ಸಿಗುತ್ತದೋ ಎನ್ನುವ ಹಾಗೆ. ಜೋಡಿಸಿಕೊಂಡಿದ್ದ ವಾಕ್ಯದ ಬದಲು, “ಇನ್ನೊಂದು ಸೌಟು ಸಾರು ಹಾಕಲಾ?” ಎಂದೆ. ಕನ್ನಡದಲ್ಲೇ. ಅವರಿಗೆ ಅರ್ಥವಾಯಿತು, ತಟ್ಟೆ ಮುಂದೆ ಮಾಡಿದರು.

ಬಾಯಲ್ಲಿ ನನಗೆ ಆಗುವುದಿಲ್ಲ ಎಂದು ಆವತ್ತೇ ಗೊತ್ತಾಯಿತು. ಅವರ ನಾಟಕದ ವಿಡಿಯೋ ಇದೆ, ಫೋಟೋಗಳಿವೆ, ಪತ್ರಿಕೆಯಲ್ಲಿ ಬಂದದ್ದನ್ನು ನಿಮ್ಮಪ್ಪ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ನೀವು ಅದನ್ನೆಲ್ಲ ನೋಡಿ, ಅವರಿಗೆ ಚಪ್ಪಾಳೆಯನ್ನೂ ತಟ್ಟಿ. ಅವರು ಅದಕ್ಕೆ ತಕ್ಕವರು ಎಂದು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೂ ಬರೆದಿದ್ದೇನೆ. ಗಿರಣಿಯಲ್ಲಿ ಹಿಟ್ಟು ಮೆತ್ತಿದ ಅಂಗಿಯಲ್ಲಿ ನಿಂತಿದ್ದ ತಾತನ ಗುರುತು ಮಾತ್ರ ಬೇರೆಲ್ಲೂ ಇಲ್ಲ, ಈ ಹಾಳೆಗಳಲ್ಲಷ್ಟೇ ಇದೆ. ಮನೆ ಬದಲಾಯಿಸುವಾಗ ಹಳೆಯ ಕಾಗದಗಳ ಜೊತೆ ಇವನ್ನು ಎಸೆಯಬೇಡಿ. ಪುಟ್ಟಿ, ನಿನ್ನ ಬಟ್ಟೆಗಳ ನಡುವೆ ಒದ್ದೆಯಾಗದ ಕಡೆ ಇಟ್ಟುಕೋ. ಚಿನ್ನು ಕನ್ನಡ ಓದಲು ಕಲಿತ ದಿನ ಅವನ ಕೈಗೂ ಒಮ್ಮೆ ಕೊಡು.