ಪಾಳಿ ತೆಗೆಯಿರಿ

ನನ್ನ ನೆಗೆಣ್ಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಾಯಿ ಬಿಡಿಸುವುದು ಬೇಡ. ನೆಗೆಣ್ಣಿ ಎಂದರೆ ನನ್ನ ಗಂಡನ ತಮ್ಮನ ಹೆಂಡತಿ. ಸವಣೂರಿನವಳು, ಮಾಸೂರಿಗೆ ಸೊಸೆಯಾಗಿ ಬಂದು ಅಲ್ಲಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ಅತ್ತೆ ಇರುವುದೂ ಅವಳ ಜೊತೆಗೇ. ನಾನು ಗಂಡನೊಂದಿಗೆ ಹಿರೇಕೆರೂರಿನಲ್ಲಿದ್ದು, ಅಲ್ಲಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಅವಳು ಮಾಡಿದ ಪುಂಡಿಪಲ್ಯವನ್ನು ಅತ್ತೆ ಎರಡು ಸಲ ಹಾಕಿಸಿಕೊಳ್ಳುತ್ತಾರೆ. ನಾನು ಮಾಡಿದರೆ 'ಚಲೋ ಆಗೇತಿ' ಎಂದು ಕೈ ತೊಳೆಯುತ್ತಾರೆ. ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಅಡುಗೆಮನೆ ಅವಳಿಗಿರಲಿ, ಕಂಪ್ಯೂಟರ್ ನನಗಿದೆಯಲ್ಲ ಎಂಬ ಸಮಾಧಾನವಿತ್ತು.

ನಾನು ಕಲಿಸುವ ವಿಷಯಗಳಲ್ಲಿ ಒಂದು, ಮನುಷ್ಯನಿಗೂ ಕಂಪ್ಯೂಟರಿಗೂ ನಡುವೆ ಮಾತುಕತೆ ಹೇಗಿರಬೇಕು ಎನ್ನುವುದು. ಅದರ ಮೊದಲ ಅಧ್ಯಾಯವನ್ನು ವರ್ಷವರ್ಷವೂ ಹೇಳಿ ಬರೆಸುತ್ತೇನೆ: ಈ ವಿದ್ಯೆ ಕಂಪ್ಯೂಟರ್ ಬಲ್ಲವರಿಂದ ಮಾತ್ರ ಹುಟ್ಟಿದ್ದಲ್ಲ, ಮನಃಶಾಸ್ತ್ರ, ಭಾಷಾಶಾಸ್ತ್ರ, ಸಮಾಜಶಾಸ್ತ್ರ, ಚಿತ್ರಕಲೆ, ಮನುಷ್ಯನ ಮೈಕೈಗಳ ಅಳತೆ ನೋಡುವ ಶಾಸ್ತ್ರ, ಎಲ್ಲವೂ ಕೂಡಿ ಇದಾಗಿದೆ. ಐದು ಅಂಕದ ಪ್ರಶ್ನೆ. ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಈ ಶಾಸ್ತ್ರಗಳ ಪೈಕಿ ಒಂದನ್ನಾದರೂ ನಾನು ನೋಟ್ಸಿನ ಹೊರಗೆ ಕಂಡವಳಲ್ಲ.

ಮದಗದ ಕೆರೆಯ ನೀರಿಗೆ ಮಾಸೂರಿನ ಹೊಲಗಳಲ್ಲಿ ಪಾಳಿ ಇದೆ. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರಿಗೆ ನೀರು. ಪಾಳಿಯ ಸಲುವಾಗಿ ಜಗಳವೂ ಇದೆ. ನಮ್ಮ ಕಾಲುವೆಯ ಮೇಲಿನ ಕೆಲವು ಮನೆಯವರು ಕೂಡಿ, ಫೋನಿನಲ್ಲೇ ಪಾಳಿ ನೋಡುವಂಥದ್ದು ಏನಾದರೂ ಮಾಡಿಕೊಡಿ ಎಂದು ನನ್ನನ್ನು ಕೇಳಿದರು. ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಒಂದು ಆ್ಯಪ್ ಮಾಡಿದೆ. ಅಂದದ ಬೂದು ಅಕ್ಷರ, ಗಂಟೆ ನಿಮಿಷದ ಲೆಕ್ಕ. ಪಾಳಿ ಬೇಡವಾದವರು ಒತ್ತಲೆಂದು ಒಂದು ಗುಂಡಿ, ಅದರ ಮೇಲೆ 'ಪಾಳಿ ತೆಗೆಯಿರಿ' ಎಂದು ಬರೆದೆ. ಅದನ್ನು ಒತ್ತಿದರೆ ಹೆಸರು ಅಳಿಸಿ, ನೀರು ಮುಂದಿನವರಿಗೆ ಹೋಗುತ್ತಿತ್ತು.

ಮೊದಲ ವಾರವೇ ಹತ್ತಾರು ಮಂದಿಯ ಪಾಳಿ ಮಾಯವಾಯಿತು. ಅದರಲ್ಲಿ ನಮ್ಮ ಮನೆಯದೂ ಒಂದು. ಭತ್ತದ ಸಸಿ ನೀರಿಗಾಗಿ ಕಾಯುತ್ತಿತ್ತು, ನೀರು ಪಕ್ಕದ ಹೊಲಕ್ಕೆ ಹರಿಯಿತು. ಗುಂಡಿ ಒತ್ತಿದವರು ನಮ್ಮ ಅತ್ತೆಯೇ. ನಾನು ಫೋನ್ ಮಾಡಿ ಸಿಟ್ಟಿನಿಂದ, "ಓದ್ಲಾರದ ಯಾಕ ಒತ್ತಿದ್ರಿ?" ಎಂದು ಕೇಳಿದೆ.

"ಓದೇ ಒತ್ತೇನವಾ," ಎಂದರು ಅತ್ತೆ.

ತಪ್ಪು ಜನರದ್ದು ಎಂದೇ ನಾನು ಹಟ ಹಿಡಿದೆ. ಈ ಮಂದಿಗೆ ಫೋನ್ ಬಳಸುವ ತರಬೇತಿ ಕೊಡಬೇಕು ಎಂದು ಗಂಡನ ಮುಂದೆ ಭಾಷಣ ಬಿಗಿದೆ. ಭಾನುವಾರ ಊರಿಗೆ ಹೋದಾಗ ನೆಗೆಣ್ಣಿ ಕಾಲುವೆಯ ದಂಡೆಯ ಮೇಲೆ ಹೆಂಗಸರ ನಡುವೆ ಕೂತಿದ್ದಳು. ಅವರ ಕೈಗೆ ಫೋನ್ ಕೊಟ್ಟು ಸುಮ್ಮನೆ ನೋಡುತ್ತಿದ್ದಳು. ಹೀಗೆ ಮಾಡಿ, ಹಾಗೆ ಮಾಡಿ ಎಂದು ಒಂದು ಮಾತೂ ಆಡಲಿಲ್ಲ. ಹದಿನೈದು ನಿಮಿಷ ಬಾಯಿ ಮುಚ್ಚಿಕೊಂಡು ಕೂರುವುದು ನನ್ನಿಂದಾಗದ ಕೆಲಸ. ಆಮೇಲೆ ನನ್ನ ಹತ್ತಿರ ಬಂದಳು.

"ಅಕ್ಕಾರ, ಬಾಗ್ಲಾ ತೆಗಿ ಅಂದ್ರ ಏನ್ ಮಾಡ್ತೀವ್ರಿ? ತೂಬು ತೆಗಿ ಅಂದ್ರ ನೀರು ಬಿಡ್ತೀವಿ. ಇವ್ರೂ ನೀರು ಬರ್ಲಿ ಅಂತ ಪಾಳಿ ತೆಗದಾರ. ತಪ್ಪೇನೈತ್ರಿ?"

ಕೆರೆ ನೀರಿನ ಊರಿನಲ್ಲಿ 'ತೆಗೆ' ಎಂದರೆ ಅಳಿಸು ಎಂದು ನಾನು ಬರೆದಿದ್ದೆ! ಅವಳು ಅಷ್ಟಕ್ಕೇ ಬಿಡಲಿಲ್ಲ.

"ಇಲ್ಲಿ ಯಾರೂ ಗಂಟಿ ನೋಡಂಗಿಲ್ರಿ. 'ಯಾರ ಹಿಂದ ನಮ್ಮ ಪಾಳಿ' ಅಂತ ಕೇಳ್ತಾರ. ಆ ಹೆಸರು ತೋರಸ್ರಿ. ಬಿಸಲಾಗ ನಿಮ್ಮ ಬೂದಿ ಅಕ್ಷರ ಕಾಣಂಗಿಲ್ಲ. ಮತ್ತ, ಅಳಸೂ ಮುಂದ ಫೋನು ಒಮ್ಮೆ ತಿರುಗಿ ಕೇಳ್ಬೇಕ್ರಿ, 'ಖರೇನ ಬ್ಯಾಡೇನ್ರಿ?' ಅಂತ. ನಮ್ಮ ಹುಡುಗೂರು ಊಟ ಬ್ಯಾಡ ಅಂದಾಗ ನಾವು ಕೇಳಂಗಿಲ್ಲೇನು, ಹಂಗ."

ನನ್ನ ಐದು ಅಂಕದ ಪಟ್ಟಿಯೆಲ್ಲ ಕಾಲುವೆಯ ದಂಡೆಯ ಮೇಲೆ ಚಪ್ಪಲಿ ಬಿಟ್ಟು ನಿಂತಿತ್ತು. ಭಾಷೆ, ಮನಸ್ಸು, ಕಣ್ಣು, ಊರಿನ ರೀತಿ, ಒಂದೂ ಬಿಟ್ಟಿರಲಿಲ್ಲ. ಆ ಶಾಸ್ತ್ರಗಳ ಹೆಸರು ಕೂಡ ಅವಳಿಗೆ ಗೊತ್ತಿಲ್ಲ. ಖುಷಿಪಡಬೇಕಾದ ಜಾಗದಲ್ಲಿ ನನ್ನ ಹೊಟ್ಟೆ ಧಗಧಗ ಉರಿಯಿತು. ಪುಂಡಿಪಲ್ಯ ಅವಳಿಗೆ, ಅತ್ತೆಯ ಅಕ್ಕರೆ ಅವಳಿಗೆ, ಈಗ ಇದೂ ಅವಳಿಗೇ?

ಅವಳು ಹೇಳಿದ್ದನ್ನೆಲ್ಲ ಹಾಗೇ ಸೇರಿಸಿದೆ. ಗುಂಡಿಯ ಮೇಲೆ 'ಪಾಳಿ ಬ್ಯಾಡ' ಎಂದು ಬರೆದೆ. ಪಾಳಿ ಮಾಯವಾಗುವುದು ನಿಂತಿತು, ಜಗಳವೂ ಎಷ್ಟೋ ಇಳಿಯಿತು. ಊರಿನವರು ಹೊಗಳಿದಾಗ, "ಅಧ್ಯಯನ ಮಾಡಿ ಬದಲಿಸಿದೆವು" ಎಂದೆ. ನೆಗೆಣ್ಣಿ ಅಲ್ಲೇ ಎಲ್ಲರಿಗೂ ಚಹಾ ಕೊಡುತ್ತಿದ್ದಳು. ಕೇಳಿಸಿಕೊಂಡಳು, ಮುಂದಿನ ಕಪ್ಪು ತುಂಬಿದಳು.

ಆ್ಯಪಿನ ಕೊನೆಯ ಪುಟದಲ್ಲಿ 'ಇದನ್ನು ಮಾಡಿದವರು' ಎಂದು ನನ್ನ ಹೆಸರು, ವಿದ್ಯಾರ್ಥಿಗಳ ಹೆಸರು ಇದ್ದವು. "ಅಕಿ ಹೆಸರೂ ಹಾಕು, ಸಣ್ಣವಳಾಗಬ್ಯಾಡ," ಎಂದು ನನ್ನ ಗಂಡ ನಾಲ್ಕು ದಿನ ಬೆನ್ನು ಹತ್ತಿದರು. ಒಲ್ಲದ ಮನಸ್ಸಿನಿಂದ ಹಾಕಿದೆ. ಸುದ್ದಿಯನ್ನು ಅವಳಿಗೆ ಮುಟ್ಟಿಸಿದವರೂ ಅವರೇ. ಸಂಜೆ ಫೋನಿಗೆ ಅವಳ ದನಿಯ ಸಂದೇಶ ಬಂತು.

"ಅಕ್ಕಾರ, ನನ್ನ ಹೆಸರು ಹಾಕೀರಂತ. ನಾಳೆ ಬಂದಾಗ ಅದನ್ನೊಂದು ತೆಗೀರಿ."

ಸಂಕೋಚದ ಹೆಂಗಸು, ಬೇಡ ಅನ್ನುತ್ತಿದ್ದಾಳೆ ಎಂದುಕೊಂಡೆ. 'ನಾಳೆ ಬಂದಾಗ' ಎಂದು ಅವಳು ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತ್ತು. ಅಳಿಸಲು ನಾನು ಮಾಸೂರಿಗೇ ಹೋಗಬೇಕಿರಲಿಲ್ಲ. ಆದರೂ ನನಗೆ ಹಿತವಾದ ಅರ್ಥವನ್ನೇ ಹಿಡಿದುಕೊಂಡೆ. ಆ್ಯಪಿನಲ್ಲಿ ಯಾವ ಹೆಸರು ಅಳಿಸಿದರೂ ಕೇಳುವಂತೆ ಮಾಡಿದ್ದೆನಲ್ಲ, ಅಳಿಸಲು ಹೋದಾಗ ಫೋನು ಅವಳದೇ ಮಾತಿನಲ್ಲಿ ಕೇಳಿತು: ಖರೇನ ಬ್ಯಾಡೇನ್ರಿ? ನಾನು 'ಹೌದು' ಒತ್ತಿದೆ. ಆ ದಿನ ಊಟ ರುಚಿಯಾಯಿತು.

ಮರುದಿನ ಭಾನುವಾರ, ನಾನು ಹೋದಾಗ ಮಾಸೂರಿನ ಮನೆಯ ಪಡಸಾಲೆಯಲ್ಲಿ ಅವಳ ಅವ್ವ ಕೂತಿದ್ದರು. ಸವಣೂರಿನಿಂದ ಖಾರದ ಪೊಟ್ಟಣ, ವೀಳ್ಯದೆಲೆ ತಂದಿದ್ದರು. ಸೆರಗಿನಿಂದ ಚಷ್ಮಾ ಒರೆಸಿಕೊಳ್ಳುತ್ತಿದ್ದರು. ನೆಗೆಣ್ಣಿ ಒಳಗಿನಿಂದ ಓಡಿಬಂದು ಫೋನನ್ನು ನನ್ನ ಕೈಗೆ ಕೊಟ್ಟಳು.

"ತೆಗೀರಿ ಅಕ್ಕಾರ. ಆ ಪುಟ ಎಲ್ಲೈತೋ ನನಗ ಸಿಗವಲ್ದು. ನಮ್ಮವ್ವ ಅದನ್ನ ನೋಡಾಕಂತನ ಬಂದಾಳ."

ಕೊನೆಯ ಪುಟ ತೆರೆದು ಕೊಟ್ಟೆ. ಅವಳ ಅವ್ವ ಚಷ್ಮಾ ಏರಿಸಿ, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಕೊನೆ ಮುಟ್ಟಿ ಮತ್ತೆ ಮೊದಲಿನಿಂದ ಓದಿದರು.

"ನಿನ್ನ ಹೆಸರು ಎಲ್ಲೈತಿ ಮಗಳ?"

ನೆಗೆಣ್ಣಿ ಬಗ್ಗಿ ಫೋನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಜನರ ಕೈ, ಕಣ್ಣು ನೋಡಿಯೇ ಎಲ್ಲ ತಿಳಿಯುವವಳು ಅವಳು. ನನ್ನನ್ನು ತಿಳಿಯಲು ಹದಿನೈದು ನಿಮಿಷ ಬೇಕಾಗಲಿಲ್ಲ.

"ನೆಟ್ ಸರಿ ಇಲ್ಲ ಬಿಡವ್ವಾ, ಪೂರಾ ಬಂದಿಲ್ಲದು," ಎಂದು ಫೋನನ್ನು ತೆಗೆದುಕೊಂಡಳು. ಒಳಗೆ ಹೋಗಿ ಚಹಾ ತಂದು, ಮೊದಲ ಕಪ್ಪನ್ನು ನನಗೇ ಕೊಟ್ಟಳು.