ಜುಲೈ ಇಪ್ಪತ್ತೊಂದರ ಎಲೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುವವಳು ನಾನೇ. ವಾಮದಪದವಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ, ಸತ್ತವರು ಬರುತ್ತಾರೆ, ಮಾತಾಡುತ್ತಾರೆ ಎನ್ನುವುದೆಲ್ಲ ಕೆಲಸವಿಲ್ಲದವರ ಕಥೆಯಾಗಿತ್ತು. ಹಾಗಾಗಿಯೇ ಇದನ್ನು ಬರೆಯಲು ಇಷ್ಟು ವರ್ಷ ಹಿಂದೆಮುಂದೆ ನೋಡಿದೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನಮ್ಮ ಶಾಲೆಯ ವರಾಂಡದ ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ ‘ಇಂದಿನ ವಿಶೇಷ’ ಬರೆಯುವುದು ನನ್ನ ಪಾಲಿನ ಕೆಲಸ. ಜುಲೈ ಇಪ್ಪತ್ತೊಂದು ಬಂದರೆ ಬರೆಯುವುದಕ್ಕೆ ಏನೂ ಕಡಿಮೆಯಿಲ್ಲ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನ ಅದು. ಪುಸ್ತಕದಲ್ಲಿ ಇಪ್ಪತ್ತು ಅಂತ ಇದೆಯಲ್ಲ ಟೀಚರ್ ಎಂದು ಪ್ರತಿವರ್ಷ ಒಬ್ಬನಾದರೂ ಎದ್ದು ನಿಲ್ಲುತ್ತಾನೆ. ಅದು ಅಮೆರಿಕದ ಗಡಿಯಾರ, ನಮ್ಮಲ್ಲಿ ಆಗಲೇ ಮರುದಿನದ ಬೆಳಗಾಗಿತ್ತು ಎಂದು ಅವನನ್ನು ಕೂರಿಸುತ್ತೇನೆ. ನಮ್ಮ ದೇಶದ ಮೊದಲ ಮಹಿಳಾ ರಾಷ್ಟ್ರಪತಿ ಆಯ್ಕೆಯಾದದ್ದೂ ಅದೇ ತಾರೀಕಿಗೆ, ಎಷ್ಟೋ ವರ್ಷಗಳ ಮೇಲೆ ಎರಡನೆಯವರು ಆಯ್ಕೆಯಾದದ್ದೂ ಅದೇ ತಾರೀಕಿಗೆ. ಮಕ್ಕಳು ಕಣ್ಣರಳಿಸುತ್ತಾರೆ. ಇದರಲ್ಲೇನೂ ಪವಾಡವಿಲ್ಲ ಮಕ್ಕಳೇ, ವರ್ಷಕ್ಕೆ ಇರುವುದೇ ಇಷ್ಟು ದಿನ, ಲೋಕದಲ್ಲಿ ನಡೆದದ್ದೆಲ್ಲ ಅಷ್ಟರೊಳಗೇ ಹೊಂದಿಕೊಂಡು ಇರಬೇಕಲ್ಲ ಎನ್ನುತ್ತೇನೆ.

ನಮ್ಮ ಮನೆಯಲ್ಲೂ ಆ ತಾರೀಕಿಗೆ ಎರಡು ಸಂಗತಿಗಳಿವೆ. ನನ್ನ ಅಪ್ಪ ತೀರಿಕೊಂಡದ್ದು ಅಂದು. ಕೆಲವು ವರ್ಷಗಳ ನಂತರ ನನ್ನ ಮಗಳು ಧೃತಿ ಹುಟ್ಟಿದ್ದೂ ಅಂದು. ಇವೆರಡು ಮಾತ್ರ ಹೊಂದಿಕೊಂಡು ಇರಲಿಲ್ಲ.

ಅಪ್ಪ ಮೂಡುಬಿದಿರೆ–ಬಂಟ್ವಾಳ ರೂಟಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಜೀವಮಾನವೆಲ್ಲ ಸ್ಟಾಪುಗಳ ಹೆಸರು ಕೂಗಿ ಕೂಗಿ ಅವರ ಸ್ವರ ಒಡೆದುಹೋಗಿತ್ತು. ಆ ಸ್ವರ ಹತ್ತು ಜನರ ನಡುವೆಯೂ ಗುರುತು ಸಿಗುತ್ತಿತ್ತು. ಅವರು ಹೋದ ಮೇಲೆ ಅಮ್ಮ ನರಿಕೊಂಬಿನ ನಮ್ಮ ಮನೆಗೆ ಬಂದಳು. ಧೃತಿಯನ್ನು ಬೆಳೆಸಿದವಳು ಅವಳೇ. ನಾನು ಶಾಲೆಗೆ, ನನ್ನ ಗಂಡ ಮೆಲ್ಕಾರಿನ ಅಂಗಡಿಗೆ ಹೋದರೆ, ಮಗುವಿಗೆ ಅಜ್ಜಿಯ ಸೊಂಟವೇ ತೊಟ್ಟಿಲು.

ಆದರೆ ಜುಲೈ ಇಪ್ಪತ್ತೊಂದರಂದು ಅಮ್ಮ ಬೇರೆಯೇ ಮನುಷ್ಯಳಾಗುತ್ತಿದ್ದಳು. ಅದು ಆಟಿ, ತುಳುವರ ಮಳೆಗಾಲದ ತಿಂಗಳು. ನಮ್ಮ ಕಡೆ ತೀರಿಕೊಂಡವರಿಗೆ ಆಟಿಯಲ್ಲಿ ಎಲೆ ಹಾಕಿ ಬಡಿಸುವ ಕ್ರಮವಿದೆ. ಅದಕ್ಕೆ ಬೇರೆ ದಿನ ನೋಡೋಣವೆಂದರೆ ಅಮ್ಮ ಒಪ್ಪುತ್ತಿರಲಿಲ್ಲ, ಅಪ್ಪ ಹೋದ ತಾರೀಕಿಗೇ ಆಗಬೇಕು. ಅಂದು ಮನೆಯಲ್ಲಿ ಮೇಣದಬತ್ತಿ ಇಲ್ಲ, ಕೇಕ್ ಇಲ್ಲ. ಮಗುವಿನ ಹುಟ್ಟುಹಬ್ಬವನ್ನು ನಾಳೆ ಮಾಡುವ ಎಂದು ಹೇಳಿ ಸುಮ್ಮನಿರಿಸುವುದು. ನನಗೆ ಅದಕ್ಕಿಂತ ಹೆಚ್ಚು ನೋವಾಗುತ್ತಿದ್ದದ್ದು ಇನ್ನೊಂದು. ಆ ದಿನ ಅಮ್ಮ ಧೃತಿಯ ಮುಖವನ್ನೇ ಸರಿಯಾಗಿ ನೋಡುತ್ತಿರಲಿಲ್ಲ.

ಧೃತಿ ಒಂದನೇ ತರಗತಿಗೆ ಸೇರಿದ ವರ್ಷ ಆ ತಾರೀಕು ಆದಿತ್ಯವಾರ ಬಂತು. ಬೆಳಿಗ್ಗೆ ಅವಳು ಹೊಸ ಫ್ರಾಕ್ ಹಾಕಿಕೊಂಡು ಅಡುಗೆಮನೆಗೆ ಹೋದಳು. ಅಮ್ಮ ತಿರುಗಿ ನೋಡದೆಯೇ, ನಾಳೆ ಹಾಕು ಮಗಾ ಎಂದಳು. ಮಗು ನನ್ನ ಹತ್ತಿರ ಬಂದು ಕೇಳಿತು.

“ಅಮ್ಮಾ, ನಾನು ಹುಟ್ಟಿದ್ದು ಅಜ್ಜಿಗೆ ಇಷ್ಟ ಇಲ್ವಾ?”

ಊಟ ಮುಗಿಯಲಿ, ಇವತ್ತು ಅಮ್ಮನ ಹತ್ತಿರ ಮಾತಾಡಿಯೇ ತೀರಬೇಕು ಎಂದು ನಿಶ್ಚಯಿಸಿದೆ. ಏನೆಂದು ಶುರು ಮಾಡುವುದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ ಒಳಕೋಣೆಯಲ್ಲಿ ಎಲೆ ಹಾಕಿದೆವು. ಕೋಳಿಸಾರಿನ ಕೋರಿರೊಟ್ಟಿ, ಪತ್ರೊಡೆ, ಒಣಮೀನಿನ ಚಟ್ನಿ, ಎಲ್ಲ ಅಪ್ಪನಿಗೆ ಪ್ರೀತಿಯವು. ದೀಪ ಇಟ್ಟು, ಕೈಮುಗಿದು, ಬಾಗಿಲು ಎಳೆದುಕೊಂಡು ಹೊರಗೆ ಬಂದೆವು. ಹೋದವರು ಬಂದು ಉಣ್ಣುವಷ್ಟು ಹೊತ್ತು ಯಾರೂ ಮಾತಾಡಬಾರದು. ಅವರ ಊಟವಾಗದೆ ಮನೆಯವರು ಉಣ್ಣುವಂತಿಲ್ಲ. ಗಂಡ ಹೊರಗೆ ಜಗಲಿಯಲ್ಲಿದ್ದರು. ಅಮ್ಮ ಕಣ್ಣುಮುಚ್ಚಿ ಗೋಡೆಗೆ ಒರಗಿದ್ದಳು. ಹಳೆಯ ಫ್ರಾಕಿನಲ್ಲಿದ್ದ ಧೃತಿ ನನ್ನ ಸೆರಗು ಹಿಡಿದು, ಹಸಿದ ಮುಖ ಮಾಡಿಕೊಂಡು ನಿಂತಿದ್ದಳು. ಬಾಗಿಲಿಗೆ ಹತ್ತಿರ ಇದ್ದವಳು ನಾನು.

ಆಗ ಒಳಗಿನಿಂದ ಅಪ್ಪನ ಸ್ವರ ಕೇಳಿತು.

“ಅಬ್ಬಲೀ, ಬಾಲೆಗ್ ಬಳಸ್‌ಲ.”

ಮಗುವಿಗೆ ಬಡಿಸು ಎಂದು, ತುಳುವಿನಲ್ಲಿ. ಗಾಳಿಯ ಪಿಸುಮಾತಲ್ಲ, ಭಯ ಹುಟ್ಟಿಸುವ ಧ್ವನಿಯೂ ಅಲ್ಲ. ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತವರು ಅಡುಗೆಮನೆಯತ್ತ ಹೇಳುವ ಹಾಗೆ, ಅದೇ ಒಡೆದ ಸ್ವರದಲ್ಲಿ. ನಾನು ಅಮ್ಮನನ್ನು ನೋಡಿದೆ. ಅವಳು ಕದಲಲಿಲ್ಲ. ಧೃತಿ ತನ್ನ ಪಾಡಿಗೆ ಕಾಲ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಬಾಗಿಲು ತೆರೆದಾಗ ಎಲೆ ಹಾಕಿದ ಹಾಗೆಯೇ ಇತ್ತು. ಹಿತ್ತಲಿಗೆ ಹೋಗಿ ನೋಡಿದೆ, ಯಾರೂ ಇರಲಿಲ್ಲ. ಗಂಡನನ್ನು ಕೇಳಿದರೆ, ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಹೋಗಲಿಲ್ಲ ಎಂದರು.

ಮನಸ್ಸು ತಡೆಯದೆ ಅಮ್ಮನನ್ನು ಕೇಳಿದೆ, ಅಬ್ಬಲಿ ಅಂದರೆ ಯಾರು ಎಂದು. ಅವಳು ಸೌಟು ಕೆಳಗಿಟ್ಟು ನನ್ನತ್ತ ತಿರುಗಿದಳು.

“ನಿನಗೆ ಯಾರು ಹೇಳಿದ್ದು?”

ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಅಮ್ಮ ನೆಲದ ಮೇಲೆ ಕುಳಿತುಬಿಟ್ಟಳು. ತಡೆದು ತಡೆದು ಹೇಳಿದಳು. ಮದುವೆಯಾದ ಹೊಸತರಲ್ಲಿ ಅವಳು ದಿನಾ ಅಬ್ಬಲಿಗೆ, ಅಂದರೆ ಕನಕಾಂಬರದ ಹೂವು ಮುಡಿಯುತ್ತಿದ್ದಳಂತೆ. ಯಾರೂ ಇಲ್ಲದಾಗ ಅಪ್ಪ ಅವಳನ್ನು ಹಾಗೆ ಕರೆಯುತ್ತಿದ್ದರಂತೆ. ನಾನು ಹುಟ್ಟಿದ ಮೇಲೆ, ಮಗು ಕಲಿತುಕೊಂಡೀತು ಎಂಬ ನಾಚಿಕೆಗೆ ಬಿಟ್ಟುಬಿಟ್ಟರಂತೆ. ಅಕ್ಕತಂಗಿಯರ ಹತ್ತಿರವೂ ಆ ಹೆಸರನ್ನು ಅವಳು ಬಾಯಿಬಿಟ್ಟವಳಲ್ಲ.

ಆಮೇಲೆ ಎದ್ದು, ಧೃತಿಯನ್ನು ಕರೆದು ಹೊಸ ಫ್ರಾಕ್ ಹಾಕಿಸಿದಳು. ಅಪ್ಪನಿಗೆ ಬಡಿಸಿದ್ದ ಎಲೆಯ ಮುಂದೆಯೇ ಅವಳನ್ನು ಕೂರಿಸಿ, ರೊಟ್ಟಿ ಮುರಿದು, ಸಾರಿನಲ್ಲಿ ನೆನೆಸಿ, ಕೈಯಾರೆ ತಿನ್ನಿಸಿದಳು. ಖಾರಕ್ಕೆ ಮಗು ಬಾಯಿ ತೆರೆದು ಉಸ್ಸೆಂದರೆ ಅಮ್ಮ ಅಳುತ್ತಲೇ ನಗುತ್ತಿದ್ದಳು. ಆ ದಿನ ಅವಳು ಮಗುವಿನ ಮುಖದಿಂದ ಕಣ್ಣು ಕೀಳಲಿಲ್ಲ.

ನಾನು ಎಲ್ಲ ರೀತಿಯಲ್ಲೂ ಯೋಚಿಸಿದ್ದೇನೆ. ಅಮ್ಮ ನಿದ್ದೆಯಲ್ಲಿ ಕನವರಿಸಿದ್ದು ಯಾವಾಗಲೋ ನನ್ನ ಕಿವಿಗೆ ಬಿದ್ದಿತ್ತೇ? ಮಗುವಿನ ಮೇಲಿನ ಸಂಕಟಕ್ಕೆ ನನ್ನ ತಲೆಯೇ ಆ ಮಾತನ್ನು ಕಟ್ಟಿಕೊಂಡಿತೇ? ಇರಬಹುದು. ಆದರೆ ಆ ಸ್ವರ ಅಪ್ಪನದ್ದು.

ಅಂದು ಸಂಜೆ ಅಮ್ಮ ನನ್ನನ್ನು ಒಂದೇ ಒಂದು ಮಾತು ಕೇಳಿದ್ದಳು.

“ಕರೆದದ್ದು ನನ್ನನ್ನಲ್ವಾ? ಮತ್ತೆ ನನಗೆ ಯಾಕೆ ಕೇಳಲಿಲ್ಲ?”

ಈಗ ಪ್ರತಿವರ್ಷ ಎಲೆ ಹಾಕಿ ಬಾಗಿಲು ಎಳೆದ ಮೇಲೆ ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ಬಾಗಿಲಿಗೆ ಕಿವಿಕೊಟ್ಟು ನಿಲ್ಲುತ್ತಾಳೆ. ಮುಡಿಯಲ್ಲಿ ಒಂದು ತುಂಡು ಅಬ್ಬಲಿಗೆ ಮಾಲೆ ಇರುತ್ತದೆ. ಇದುವರೆಗೆ ಅವಳಿಗೆ ಏನೂ ಕೇಳಿಲ್ಲ.